‘ಬಾ’ ಕಲಿತ ಮಗುವಿಗೆ ‘ಬನ್ನಿ’ ಕಲಿಸುವವರು ಯಾರು?

ಹೊರದೇಶದಲ್ಲಿ ಮಗು ಬೆಳೆಸುತ್ತಿರುವ ಯಾವುದೇ ಕನ್ನಡದ ಅಪ್ಪ ಅಮ್ಮನನ್ನು ಕೇಳಿ ನೋಡಿ. ರಜೆಗೆ ಊರಿಗೆ ಹೋದಾಗ ಎದುರಾಗುವ ಮೊದಲ ಪ್ರಶ್ನೆ ಒಂದೇ: “ಮಗು ಕನ್ನಡ ಮಾತಾಡುತ್ತಾ?” ಹೂಂ ಅಂದರೆ “ಪರವಾಗಿಲ್ವೇ, ಚೆನ್ನಾಗಿ ಕಲಿಸಿದ್ದೀರಿ” ಅಂತ ಮೆಚ್ಚುಗೆ. ಇಲ್ಲ ಅಂದರೆ “ಪಾಪ, ಅಲ್ಲಿ ಯಾರಿದಾರೆ ಮಾತಾಡೋಕೆ” ಅಂತ ಒಂದು ನಿಟ್ಟುಸಿರು. ಹೇಳಿದವರಿಗೆ ಅದು ಬರೀ ಸಮಾಧಾನದ ಮಾತು. ಆದರೆ ಇಡೀ ವಿಷಯದ ತಿರುಳು ಆ ನಿಟ್ಟುಸಿರಿನಲ್ಲೇ ಇದೆ ಅಂತ ನನಗೆ ಈಚೆಗೆ ಅನ್ನಿಸುತ್ತಿದೆ. ಅಲ್ಲಿ ಯಾರಿದಾರೆ?

ನಾನು ತಿಪಟೂರಿನವಳು. ತುಮಕೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಈಗ ಆರು ವರ್ಷದಿಂದ ಜರ್ಮನಿಯ ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನನ್ನ ಗಂಡ ಧಾರವಾಡದವರು, ಅವರದೂ ಇದೇ ಕಸುಬು. ಮಗಳಿಗೆ ನಾಲ್ಕೂವರೆ ವರ್ಷ, ಇಲ್ಲೇ ಹುಟ್ಟಿದವಳು. ಬವೇರಿಯಾದ ಕಿಂಡರ್‌ಗಾರ್ಟನ್ನು, ತಿಪಟೂರಿನ ಅಜ್ಜಿ, ಧಾರವಾಡದ ಅಜ್ಜಿ, ಈ ಮೂವರ ನಡುವೆ ಅವಳು ಬೆಳೆಯುತ್ತಿದ್ದಾಳೆ. ಇಂಥ ಮನೆಗಳು ಈಗ ತುಂಬಾ ಇವೆ. ಅದಕ್ಕೇ ನಮ್ಮ ಮನೆಯಲ್ಲಿ, ನಮ್ಮ ಪರಿಚಯದ ಮನೆಗಳಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಗುಣ, ಎರಡು ಹೆಸರು

ಇಲ್ಲಿನ ಕಿಂಡರ್‌ಗಾರ್ಟನ್‌ಗಳಲ್ಲಿ ಆಗಾಗ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಗುವಿನ ಬೆಳವಣಿಗೆ ಬಗ್ಗೆ ಮಾತಾಡುವ ಪದ್ಧತಿ ಇದೆ. ಅಂಕಪಟ್ಟಿ ಇರಲ್ಲ, ಬರೀ ಮಾತು. ಕಳೆದ ಸಲ ಟೀಚರ್ ಹೇಳಿದ್ದು ಹೀಗೆ: “ನಿಮ್ಮ ಮಗಳಿಗೆ ತನಗೇನು ಬೇಕು, ಏನು ಬೇಡ ಅಂತ ಸ್ಪಷ್ಟವಾಗಿ ಗೊತ್ತು. ಬೇಡದ್ದನ್ನು ಬೇಡ ಅಂತ ಹೇಳ್ತಾಳೆ. ನಮಗೆ ತುಂಬಾ ಸಂತೋಷ.” ಅದೇ ವಾರ ವಿಡಿಯೋ ಕಾಲ್‌ನಲ್ಲಿ ಧಾರವಾಡದ ಅತ್ತೆ ಹೇಳಿದ್ದು: “ಕೂಸು ಭಾಳ ಎದುರ ಮಾತಾಡ್ತದ ನೋಡವಾ. ಏನ್ ಹೇಳಿದ್ರೂ ಒಲ್ಲೆ ಅಂತದ.”

ಇಬ್ಬರೂ ಮಾತಾಡಿದ್ದು ಒಂದೇ ಗುಣದ ಬಗ್ಗೆ. ಒಬ್ಬರಿಗೆ ಅದು ಹೆಮ್ಮೆ, ಇನ್ನೊಬ್ಬರಿಗೆ ಕಳವಳ. ಇಬ್ಬರಿಗೂ ನನ್ನ ಮಗಳ ಮೇಲೆ ಪ್ರೀತಿ ಇದೆ ಅನ್ನೋದರಲ್ಲಿ ಸಂಶಯವಿಲ್ಲ. ‘ಒಳ್ಳೆ ಮಗು’ ಅಂದರೆ ಯಾರು ಅನ್ನೋ ಲೆಕ್ಕ ಮಾತ್ರ ಬೇರೆ.

ಈ ಲೆಕ್ಕವನ್ನೇ ಜೀವನಪೂರ್ತಿ ಅಧ್ಯಯನ ಮಾಡಿದ ಒಬ್ಬ ಜರ್ಮನ್ ಮನೋವಿಜ್ಞಾನಿ ಇದ್ದಾರೆ, ಹೈಡಿ ಕೆಲ್ಲರ್. ಬೇರೆ ಬೇರೆ ದೇಶಗಳ ತಾಯಂದಿರು ಎಳೆ ಮಕ್ಕಳನ್ನು ಹೇಗೆ ಎತ್ತಿಕೊಳ್ಳುತ್ತಾರೆ, ಹೇಗೆ ಮಾತಾಡಿಸುತ್ತಾರೆ ಅಂತ ಅವರ ತಂಡ ವರ್ಷಗಟ್ಟಲೆ ನೋಡಿತು. ಕ್ಯಾಮರೂನಿನ ಎನ್‌ಸೋ ರೈತ ಕುಟುಂಬಗಳಲ್ಲಿ ಮಗು ಸದಾ ಯಾರದಾದರೂ ಮೈಗಂಟಿಕೊಂಡೇ ಇರುತ್ತದೆ. ಯುರೋಪಿನ ನಗರಗಳ ಮಧ್ಯಮವರ್ಗದ ತಾಯಂದಿರು ಮಗುವನ್ನು ಎದುರಿಗೆ ಮಲಗಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರೆ. 2004ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳನ್ನು ಹೋಲಿಸಿದರು. ಕನ್ನಡಿಯಲ್ಲಿ ಕಾಣೋದು ತಾನೇ ಅಂತ ಗ್ರೀಸ್ ದೇಶದ ನಗರದ ಮಕ್ಕಳು ಮೊದಲು ಗುರುತಿಸಿದರು. ಹೇಳಿದ ಮಾತು ಕೇಳಿ ಅದರಂತೆ ನಡೆದುಕೊಳ್ಳುವುದರಲ್ಲಿ ಎನ್‌ಸೋ ಮಕ್ಕಳು ಮುಂದಿದ್ದರು. ಯಾರೂ ಹಿಂದುಳಿದಿರಲಿಲ್ಲ. ಅವರವರ ಮನೆಗೆ ಯಾವುದು ಮೊದಲು ಬೇಕಿತ್ತೋ ಅದು ಮೊದಲು ಬಂದಿತ್ತು.

ನಮ್ಮ ಮನೆಯಲ್ಲಿ ಈ ತಿಕ್ಕಾಟ ಸಣ್ಣ ಸಣ್ಣ ವಿಷಯಗಳಲ್ಲಿ ದಿನಾ ಕಾಣುತ್ತದೆ. ಕಿಂಡರ್‌ಗಾರ್ಟನ್‌ನಲ್ಲಿ ಒಂದು ಮಗು ಆಟದ ಸಾಮಾನು ಹಿಡಿದಿದ್ದರೆ “ಈಗ ನಾನು ಆಡ್ತಿದೀನಿ” ಅನ್ನಬಹುದು, ಮುಗಿಸುವ ತನಕ ಯಾರೂ ಕಿತ್ತುಕೊಡಲ್ಲ. ನಮ್ಮ ಕಡೆ “ಚಿಕ್ಕ ಪಾಪು ಅಲ್ವಾ, ಕೊಟ್ಬಿಡು ಕಂದ” ಅನ್ನುತ್ತೇವೆ. ಇಲ್ಲಿ ಒಂದು ಲೋಟ ನೀರು ಕೊಟ್ಟರೂ ‘ಡಾಂಕೆ’ ಅನ್ನಲೇಬೇಕು. ಅದೇ ಅಭ್ಯಾಸದಲ್ಲಿ ಮಗಳು ರೊಟ್ಟಿ ಕೊಟ್ಟ ಅಜ್ಜಿಗೆ ಥ್ಯಾಂಕ್ಸ್ ಅಂದಾಗ ಅತ್ತೆಗೆ ಕಸಿವಿಸಿ. “ನಂಗ್ಯಾಕ ಥ್ಯಾಂಕ್ಸು? ನಾ ಏನ್ ಹೊರಗಿನಾಕೇನು?” ಮನೆಯವರಿಗೆ ಥ್ಯಾಂಕ್ಸ್ ಹೇಳೋದು ನಮ್ಮಲ್ಲಿ ದೂರ ಇಟ್ಟ ಹಾಗೆ. ಇಲ್ಲಿ ಹೇಳದಿದ್ದರೆ ಒರಟುತನ.

ಊಟದ್ದೂ ಅಷ್ಟೇ. ಒಂದು ವರ್ಷದ ಮಗು ತಾನೇ ಚಮಚ ಹಿಡಿದು ಮುಖಕ್ಕೆಲ್ಲ ಮೆತ್ತಿಕೊಂಡು ತಿನ್ನಬೇಕು ಅಂತ ಇಲ್ಲಿನವರು. ನಾಲ್ಕು ವರ್ಷದ ಮಗುವಿಗೂ ಕೈತುತ್ತು ಕೊಟ್ಟರೇ ಹೊಟ್ಟೆ ತುಂಬೋದು ಅಂತ ನಮ್ಮಮ್ಮ. ಮಗಳಿಗೆ ಇದರಲ್ಲಿ ಏನೂ ಗೊಂದಲವಿಲ್ಲ. ಕಿಂಡರ್‌ಗಾರ್ಟನ್‌ನಲ್ಲಿ ಸೌತೆಕಾಯಿ ತಾನೇ ಹೆಚ್ಚಿಕೊಂಡು ತಿನ್ನುತ್ತಾಳೆ, ಅಜ್ಜಿ ಬಂದ ದಿನದಿಂದ ಬಾಯಿ ಆ ಅಂತ ತೆರೆಯುತ್ತಾಳೆ. ಎಲ್ಲಿ ಯಾವುದು ನಡೆಯುತ್ತೆ ಅನ್ನೋದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ತಲೆ ಕೆಡಿಸಿಕೊಳ್ಳುವವರು ದೊಡ್ಡವರೇ.

ಆದರೆ ಎಲ್ಲವನ್ನೂ ‘ಅವರ ಪದ್ಧತಿ ಅವರಿಗೆ, ನಮ್ಮದು ನಮಗೆ’ ಅಂತ ಬಿಡೋಕಾಗಲ್ಲ. ಮಗುವಿಗೆ ಹೊಡೆಯುವ ವಿಷಯ ನೋಡಿ. ಹಿಂಸೆಯಿಲ್ಲದೆ ಬೆಳೆಯುವುದು ಮಗುವಿನ ಹಕ್ಕು ಅಂತ ಜರ್ಮನಿ 2000ದಲ್ಲಿ ಕಾನೂನು ಮಾಡಿತು. ಮನೆಯೊಳಗೆ ಅಪ್ಪ ಅಮ್ಮನೂ ಕೈಯೆತ್ತುವಂತಿಲ್ಲ. ಸ್ವೀಡನ್ ಇದನ್ನು 1979ರಲ್ಲೇ ಮಾಡಿತ್ತು. “ಒಂದೇಟು ಬಿದ್ರೆ ಸರಿಹೋಗುತ್ತೆ” ಅನ್ನೋದನ್ನ ನಮ್ಮ ಸಂಸ್ಕೃತಿ ಅಂತ ಸಮರ್ಥಿಸಿಕೊಳ್ಳುವವರನ್ನು ಕಂಡಿದ್ದೇನೆ. ಆದರೆ ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದೆ. ಹಾಗಾಗಿ ಏಟನ್ನು ಪೂರ್ವ ಪಶ್ಚಿಮದ ಜಗಳ ಮಾಡಬೇಕಿಲ್ಲ. ನಾವು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದೇವೆ. ಮಗುವಿಗೆ ನೋವಾಗುವಂಥದ್ದು ಯಾವ ಕಡೆಯದಾದರೂ ಬೇಡ. ಉಳಿದದ್ದರಲ್ಲಿ ಎರಡೂ ಕಡೆಯದು ಇರಲಿ.

ಮಕ್ಕಳ ತೋಟ

‘ಕಿಂಡರ್‌ಗಾರ್ಟನ್’ ಅನ್ನೋದು ಜರ್ಮನ್ ಪದ, ಮಕ್ಕಳ ತೋಟ ಅಂತ ಅರ್ಥ. ಫ್ರೀಡ್ರಿಖ್ ಫ್ರೋಬೆಲ್ ಅನ್ನುವ ಶಿಕ್ಷಕ 1840ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಅನ್ನೋ ಊರಿನಲ್ಲಿ ಈ ಹೆಸರು ಕೊಟ್ಟರು. ಬೆಂಗಳೂರಿನಲ್ಲಿ ನಾವು ‘ಕೆಜಿ’ ಅನ್ನೋದೂ ಇದೇ ಪದ. ಆದರೆ ಹೆಸರು ಮಾತ್ರ ಒಂದೇ. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಯುಕೆಜಿ. ಇಂಗ್ಲಿಷ್ ವಾಕ್ಯ ಓದುತ್ತಾನೆ, ನೂರರ ತನಕ ಬರೆಯುತ್ತಾನೆ. ನನ್ನ ಮಗಳಿಗೆ ಇಲ್ಲಿ ಒಂದು ಅಕ್ಷರವನ್ನೂ ಪಾಠ ಅಂತ ಕಲಿಸಲ್ಲ. ಓದು ಬರಹ ಶುರುವಾಗೋದು ಆರು ವರ್ಷಕ್ಕೆ ಒಂದನೇ ಕ್ಲಾಸ್ ಸೇರಿದ ಮೇಲೆ. ಅಲ್ಲಿಯ ತನಕ ಕೆಸರಿನ ಪ್ಯಾಂಟ್ ಹಾಕಿಕೊಂಡು ಮಳೆಯಲ್ಲಿ ಆಡೋದು, ಜಿಪ್ ಹಾಕಿಕೊಳ್ಳೋದು, ಜಗಳ ಆದರೆ ಮಾತಾಡಿ ಮುಗಿಸೋದು.

ನಮ್ಮಪ್ಪ ಪ್ರತಿ ಸಲ ಫೋನಿನಲ್ಲಿ “ಈಗ ಎಷ್ಟು ಅಕ್ಷರ ಬರುತ್ತಮ್ಮ?” ಅಂತ ಕೇಳುತ್ತಾರೆ. ಅವರ ಪ್ರಶ್ನೆಯೂ ಸರಿ. ಒಂದನೇ ತರಗತಿಗೇ ಸೀಟಿಗೆ ಪರದಾಡುವ ಊರಿನಲ್ಲಿ ಮೊಮ್ಮಗಳು ಕೆಸರಿನಲ್ಲಿ ಆಡಿಕೊಂಡಿದ್ದಾಳೆ ಅಂದರೆ ಯಾವ ತಾತನಿಗೆ ನಿದ್ದೆ ಬರುತ್ತೆ ಹೇಳಿ?

ಇಲ್ಲಿ ನನಗೆ ಅಚ್ಚರಿ ತಂದ ವಿಷಯ ಇನ್ನೊಂದಿದೆ. ಜರ್ಮನ್ನರು ಮಕ್ಕಳನ್ನು ಬೇಗ ಸ್ವತಂತ್ರ ಮಾಡುತ್ತಾರೆ, ಬೇರೆ ಕೋಣೆಯಲ್ಲಿ ಮಲಗಿಸುತ್ತಾರೆ, ಅವರಿಗೆ ನಮ್ಮಷ್ಟು ಅಂಟು ಇಲ್ಲ ಅಂತ ನಮ್ಮಲ್ಲಿ ಒಂದು ಮಾತಿದೆ. ಆದರೆ ಮಗುವನ್ನು ಶಿಶುವಿಹಾರಕ್ಕೆ ಸೇರಿಸುವಾಗ ಅವರು ಮಾಡುವುದನ್ನು ನೋಡಬೇಕು. ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಕೋಣೆಯೊಳಗೇ ಕೂತಿರಬೇಕು, ಬಿಟ್ಟು ಹೋಗೋ ಹಾಗಿಲ್ಲ. ನಾಲ್ಕನೇ ದಿನ ಕೆಲವೇ ನಿಮಿಷ ಹೊರಗೆ. ಮಗು ಹೊಸ ಟೀಚರ್ ಹತ್ತಿರ ಸಮಾಧಾನ ಆಗುತ್ತಾ ಅಂತ ನೋಡಿ ಮುಂದಿನ ಹೆಜ್ಜೆ. ಇದಕ್ಕೆ ‘ಬರ್ಲಿನ್ ಮಾದರಿ’ ಅಂತಲೇ ಹೆಸರಿದೆ. ಎರಡು ವಾರ, ಕೆಲವೊಮ್ಮೆ ನಾಲ್ಕು ವಾರ ಹಿಡಿಯುತ್ತದೆ. ನಮ್ಮಲ್ಲಿ ಅಳುವ ಮಗುವನ್ನು ಗೇಟಿನಲ್ಲಿ ಆಯಾ ಕೈಗೆ ಕೊಟ್ಟು “ಎರಡು ದಿನ ಅಳುತ್ತೆ, ಆಮೇಲೆ ಸರಿಹೋಗುತ್ತೆ” ಅನ್ನುತ್ತೇವಲ್ಲ, ಹಾಗಲ್ಲ. ಹೊಸ ಜಾಗ ಮಗುವಿಗೆ ತನ್ನದಾಗಬೇಕಾದರೆ ಅಲ್ಲಿ ಮೊದಲು ಒಬ್ಬ ವ್ಯಕ್ತಿ ತನ್ನವರಾಗಬೇಕು ಅನ್ನೋದು ಅವರ ನಂಬಿಕೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಭಾಷೆಯ ವಿಷಯದಲ್ಲೂ ಇದೇ ನಿಜ.

ಗಂಟೆಗಳ ಲೆಕ್ಕ

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಇರೋಕಾಗಲ್ಲ. ಮಗಳು ಬೆಳಿಗ್ಗೆ ಆರೂವರೆಗೆ ಏಳುತ್ತಾಳೆ, ರಾತ್ರಿ ಎಂಟಕ್ಕೆ ಮಲಗುತ್ತಾಳೆ. ಎಚ್ಚರ ಇರೋದು ಹದಿಮೂರೂವರೆ ಗಂಟೆ. ಅದರಲ್ಲಿ ಎಂಟೂವರೆಯಿಂದ ಮೂರೂವರೆ ತನಕ ಕಿಂಡರ್‌ಗಾರ್ಟನ್, ಏಳು ಗಂಟೆ ಪೂರ್ತಿ ಜರ್ಮನ್. ಆಮೇಲೆ ಆಟದ ಮೈದಾನ, ಬಸ್ಸು, ಗೆಳತಿ ಮನೆ ಅಂತ ಎರಡು ಗಂಟೆ, ಅದೂ ಜರ್ಮನ್. ಉಳಿಯೋದು ನಾಲ್ಕೂವರೆ ಗಂಟೆ. ಅದರಲ್ಲಿ ನಮ್ಮಂಥ ಮನೆಗಳಲ್ಲಿ ಏನು ಮಾತು ನಡೆಯುತ್ತೆ? “ಬೇಗ ಹಲ್ಲುಜ್ಜು.” “ಶೂ ಹಾಕ್ಕೋ.” “ಹೊತ್ತಾಯ್ತು ನಡಿ.” “ಕೈ ತೊಳೆದ್ಯಾ?” “ಮಲಕ್ಕೋ ಈಗ.” ಮಗುವಿನ ಪಾಲಿಗೆ ಜರ್ಮನ್ ಅಂದರೆ ಆಟ, ಗೆಳೆತನ, ಗುಟ್ಟು, ನಗು. ಕನ್ನಡ ಅಂದರೆ ಅಪ್ಪಣೆ.

ಎರಡು ಭಾಷೆಯ ಮನೆಗಳಲ್ಲಿ ‘ಒಬ್ಬರಿಗೆ ಒಂದು ಭಾಷೆ’ ಅನ್ನೋ ಸೂತ್ರ ಹಳೆಯದು. ಫ್ರಾನ್ಸಿನ ಭಾಷಾತಜ್ಞ ಜೂಲ್ ರೋಂಜಾ ತನ್ನ ಮಗನ ಜೊತೆ ಬರೀ ಫ್ರೆಂಚ್, ಜರ್ಮನ್ ಮನೆಮಾತಿನ ಹೆಂಡತಿ ಬರೀ ಜರ್ಮನ್ ಅಂತ ಇಟ್ಟುಕೊಂಡು, ಮಗ ಎರಡನ್ನೂ ಕಲಿತದ್ದನ್ನು 1913ರಲ್ಲಿ ಪುಸ್ತಕ ಮಾಡಿದರು. ಇಂದಿಗೂ ಅದನ್ನೇ ಎಲ್ಲರೂ ಸಲಹೆ ಕೊಡುತ್ತಾರೆ. ಆದರೆ ಸೂತ್ರವೊಂದೇ ಸಾಲದು. ಬೆಲ್ಜಿಯಂನ ಡಚ್ ಭಾಷೆಯ ಪ್ರದೇಶದಲ್ಲಿ ಆನಿಕ್ ಡಿ ಹೌವರ್ ಅನ್ನೋ ವಿದ್ವಾಂಸೆ ಸುಮಾರು 1,900 ಕುಟುಂಬಗಳನ್ನು ಸಮೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಬೇರೆ ಭಾಷೆ ಮಾತಾಡುವ ಮನೆಗಳು ಅವು. ಸುಮಾರು ನಾಲ್ಕರಲ್ಲಿ ಒಂದು ಮನೆಯ ಮಕ್ಕಳು ಆ ಭಾಷೆಯನ್ನು ಮಾತಾಡುತ್ತಿರಲಿಲ್ಲ. ಇಬ್ಬರೂ ಮನೆಯಲ್ಲಿ ತಮ್ಮ ಭಾಷೆಯನ್ನೇ ಆಡುತ್ತಿದ್ದ ಕಡೆ ಮಾತ್ರ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಮಾತಾಡುತ್ತಿದ್ದರು. ಅಂದರೆ ಮನೆಮಾತು ರಕ್ತದಲ್ಲಿ ಬರಲ್ಲ, ಕಿವಿಗೆ ಬಿದ್ದಷ್ಟು ಬರುತ್ತದೆ.

ನಮ್ಮ ಮನೆಯಲ್ಲಿ ಇಬ್ಬರೂ ಕನ್ನಡದವರು, ಒಳ್ಳೇದೇ ಆಯ್ತು ಅನ್ನಬಹುದು. ಹೌದು, ಮಗಳು ಕನ್ನಡ ಮಾತಾಡುತ್ತಾಳೆ. ಆದರೆ ಅವಳ ಕನ್ನಡದಲ್ಲಿ ಒಂದು ಖಾಲಿ ಜಾಗ ಇದೆ.

‘ಬನ್ನಿ’ ಎಲ್ಲಿಂದ ಬರಬೇಕು?

ಕಳೆದ ಬೇಸಿಗೆಯಲ್ಲಿ ನಮ್ಮಪ್ಪ ಮ್ಯೂನಿಕ್‌ಗೆ ಬಂದಿದ್ದರು. ಮಗಳು ಓಡಿಹೋಗಿ “ತಾತ, ನೀನು ಬಾ, ಇಲ್ಲಿ ಕೂತ್ಕೋ” ಅಂದಳು. ಅಪ್ಪ ನಕ್ಕರು, ಬೇಜಾರೇನೂ ಮಾಡಿಕೊಳ್ಳಲಿಲ್ಲ. ಎಷ್ಟೋ ಮನೆಗಳಲ್ಲಿ ತಾತನಿಗೆ ‘ನೀನು’ ಅನ್ನೋದು ಸಲುಗೆ. ಆದರೆ ಅವಳು ಎದುರುಮನೆಯಿಂದ ಬಂದ ಹಿರಿಯರಿಗೂ ‘ಬಾ’, ಹಬ್ಬಕ್ಕೆ ಬಂದ ಅಪರಿಚಿತರಿಗೂ ‘ಬಾ’. ಅಲ್ಲಿ ಸಲುಗೆಯ ಮಾತಿಲ್ಲ, ಅವಳ ಹತ್ತಿರ ‘ಬನ್ನಿ’ ಅನ್ನೋ ಪದವೇ ಇರಲಿಲ್ಲ.

ಯಾಕಿಲ್ಲ ಅಂತ ಯೋಚಿಸಿದರೆ ಉತ್ತರ ಸುಲಭ. ನಾವು ಅವಳಿಗೆ ‘ಬಾ’ ಅನ್ನುತ್ತೇವೆ. ನಾನೂ ನನ್ನ ಗಂಡನೂ ಒಬ್ಬರಿಗೊಬ್ಬರು ‘ನೀನು’. ಮನೆಯಲ್ಲಿ ನಾಲ್ಕನೆಯವರಿಲ್ಲ. ಹಾಗಾದರೆ ‘ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ’ ಅವಳ ಕಿವಿಗೆ ಬೀಳೋದಾದರೂ ಎಲ್ಲಿಂದ?

ತಿಪಟೂರಿನಲ್ಲಿ ನನಗೆ ಯಾರೂ ‘ಬನ್ನಿ’ ಅನ್ನೋದನ್ನು ಪಾಠ ಮಾಡಿರಲಿಲ್ಲ. ಅಮ್ಮ ಹಾಲಿನವರ ಜೊತೆ ಒಂದು ಥರ, ಅಜ್ಜಿ ಜೊತೆ ಒಂದು ಥರ, ಬ್ಯಾಂಕಿನಿಂದ ಬಂದವರ ಜೊತೆ ಇನ್ನೊಂದು ಥರ ಮಾತಾಡುತ್ತಿದ್ದದ್ದು ಪಕ್ಕದಲ್ಲಿ ಗೋಲಿ ಆಡುತ್ತಿದ್ದ ನನ್ನ ಕಿವಿಗೆ ಬೀಳುತ್ತಿತ್ತು. ಅತ್ತೆ ಅಂದರೆ ಯಾರು, ಚಿಕ್ಕಪ್ಪನ ಹತ್ತಿರ ಎಷ್ಟು ಹಠ ಮಾಡಬಹುದು, ದೊಡ್ಡಪ್ಪನ ಮುಂದೆ ಎಷ್ಟು ಸುಮ್ಮನಿರಬೇಕು, ಎಲ್ಲವೂ ಹಾಗೇ ಬಂತು. ಮಕ್ಕಳು ಅರ್ಧ ಭಾಷೆ ಕಲಿಯೋದು ತಮಗೆ ಹೇಳಿದ ಮಾತಿನಿಂದ, ಇನ್ನರ್ಧ ತಮಗಲ್ಲದ ಮಾತು ಕೇಳಿಸಿಕೊಂಡು. ಅಮೆರಿಕದಲ್ಲಿ 2002ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಪುಷ್ಟಿ ಕೊಡುತ್ತದೆ. ಬಾಲ್ಯದಲ್ಲಿ ಸ್ಪ್ಯಾನಿಷ್ ಬರೀ ಕೇಳಿಸಿಕೊಂಡು, ಮಾತಾಡದೇ ಬೆಳೆದವರು ದೊಡ್ಡವರಾಗಿ ಆ ಭಾಷೆ ಕಲಿಯುವಾಗ, ಹೊಸದಾಗಿ ಕಲಿಯುವವರಿಗಿಂತ ಚೆನ್ನಾಗಿ ಉಚ್ಚರಿಸುತ್ತಿದ್ದರು. ಕಿವಿಗೆ ಬಿದ್ದದ್ದು ವ್ಯರ್ಥ ಆಗಲ್ಲ.

ಜರ್ಮನ್‌ನಲ್ಲೂ ನಮ್ಮ ‘ನೀನು–ನೀವು’ ಥರ ‘ಡು–ಜೀ’ ಇದೆ. ಆದರೆ ಚಿಕ್ಕ ಮಕ್ಕಳು ಟೀಚರನ್ನೂ ಹೆಸರು ಹಿಡಿದು ‘ಡು’ ಅಂತಲೇ ಕರೆಯುತ್ತಾರೆ. ಅಪ್ಪನ ತಮ್ಮ, ಅಮ್ಮನ ಅಣ್ಣ, ಅತ್ತೆಯ ಗಂಡ ಎಲ್ಲರಿಗೂ ಒಂದೇ ‘ಓಂಕಲ್’. ಅದು ಅವರ ಭಾಷೆಯ ಕೊರತೆ ಅಲ್ಲ, ಅವರ ಮನೆಗೆ ಅಷ್ಟು ಸಾಕು. ನಮ್ಮ ಮಾತಿನಲ್ಲಿ ಸಂಬಂಧ ಕ್ರಿಯಾಪದದ ಒಳಗೇ ಕೂತಿದೆ. ‘ಬಾ’ ಮತ್ತು ‘ಬನ್ನಿ’ ನಡುವೆ ಯಾರನ್ನು ಕರೆಯುತ್ತಿದ್ದೀಯ ಅನ್ನೋ ವಿಷಯ ಇದೆ. ಜನ ಇಲ್ಲದ ಮನೆಯಲ್ಲಿ ಆ ವ್ಯಾಕರಣ ಕಲಿಸೋಕೆ ಬರಲ್ಲ. ಅದಕ್ಕೇ ಹೇಳಿದ್ದು, “ಅಲ್ಲಿ ಯಾರಿದಾರೆ” ಅನ್ನೋ ನಿಟ್ಟುಸಿರಿನಲ್ಲೇ ತಿರುಳಿದೆ ಅಂತ.

ನಾಲ್ಕನೇ ಕ್ಲಾಸಿನ ಒತ್ತಡ

ಶಾಲೆ ಶುರುವಾದ ಮೇಲೆ ಇನ್ನೊಂದು ಬಿಗಿ ಬರುತ್ತದೆ. ಬವೇರಿಯಾದಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳ ದಾರಿ ಕವಲೊಡೆಯುತ್ತದೆ. ವಿಶ್ವವಿದ್ಯಾಲಯದ ಕಡೆ ನೇರವಾಗಿ ಹೋಗುವ ‘ಗಿಮ್ನಾಜಿಯುಂ’ ಸೇರಬೇಕಾದರೆ ಜರ್ಮನ್, ಗಣಿತ, ಪರಿಸರ ಪಾಠ ಮೂರರ ಸರಾಸರಿ 2.33 ಇರಬೇಕು, ಅಥವಾ ಅದಕ್ಕಿಂತ ಒಳ್ಳೆಯದಿರಬೇಕು. ಇಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಫೇಲು. ಹತ್ತು ವರ್ಷದ ಮಗುವಿಗೆ ಈ ಲೆಕ್ಕ. ಮನೆಮಾತು ಬೇರೆಯಾದ ಮಕ್ಕಳಿಗೆ ಜರ್ಮನ್ ಸಾಲದು ಅನ್ನಿಸಿದರೆ ಶಾಲೆಗೆ ಮುಂಚೆಯೇ 240 ಪೀರಿಯಡ್‌ಗಳ ಜರ್ಮನ್ ತಯಾರಿ ತರಗತಿ ಸರ್ಕಾರವೇ ಕೊಡುತ್ತದೆ. ಅದು ಒಳ್ಳೆಯ ವ್ಯವಸ್ಥೆ. ಆದರೆ ಅಪ್ಪ ಅಮ್ಮನಿಗೆ ಭಯ ಶುರುವಾಗುತ್ತದೆ. ಮನೆಯಲ್ಲೂ ಜರ್ಮನ್ ಮಾತಾಡೋಣ, ಕನ್ನಡ ಆಮೇಲೆ ನೋಡಿದರಾಯ್ತು.

ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಯ್ತು. ಆ ಹುಡುಗನಿಗೆ ಈಗ ಹದಿಮೂರು. ಓದಿನಲ್ಲಿ ಮುಂದೆ, ಕನ್ನಡ ಎಲ್ಲ ಅರ್ಥ ಆಗುತ್ತೆ, ಉತ್ತರ ಮಾತ್ರ ಜರ್ಮನ್‌ನಲ್ಲಿ. ಕಳೆದ ವರ್ಷ ಹಾಸನದಲ್ಲಿ ಅವನ ಅಜ್ಜಿಗೆ ಜೋರಾಗಿ ಹುಷಾರು ತಪ್ಪಿತು. ಆಸ್ಪತ್ರೆಯಿಂದ ಫೋನ್ ಮಾಡಿ ಅಜ್ಜಿ ಮೊಮ್ಮಗನನ್ನು ಕೇಳಿದರು. ಅವನಿಗೆ ಹೇಳೋದು ಬೇಕಾದಷ್ಟಿತ್ತು. ಅಮ್ಮನಿಗೆ ಜರ್ಮನ್‌ನಲ್ಲಿ ಹೇಳಿದ, ಅಮ್ಮ ಅದನ್ನು ಕನ್ನಡ ಮಾಡಿ ಫೋನಿಗೆ ಹೇಳಿದರು. ಅಜ್ಜಿ “ಅವನ ಬಾಯಲ್ಲೇ ಹೇಳಿಸೇ” ಅಂದರಂತೆ. ಅವನು “ಅಜ್ಜಿ” ಅಂದ. ಅಷ್ಟೇ ಬಂತು. ಆ ಅಮ್ಮ ಇದನ್ನು ನನಗೆ ಹೇಳುವಾಗ ಯಾರನ್ನೂ ದೂರಲಿಲ್ಲ. ಶಾಲೆಯನ್ನೂ ಇಲ್ಲ, ದೇಶವನ್ನೂ ಇಲ್ಲ.

ಜರ್ಮನ್ ಚೆನ್ನಾಗಿ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಬದುಕುವ ಮಗುವಿಗೆ ಅದು ಅನ್ನದ ಭಾಷೆ, ಗೆಳೆಯರ ಭಾಷೆ. ಆದರೆ ಅದಕ್ಕಾಗಿ ಕನ್ನಡ ಬಿಡಬೇಕಿಲ್ಲ. ಜರ್ಮನ್ ಕಲಿಸೋಕೆ ಇಡೀ ಊರೇ ಇದೆ. ನಾನು ಮನೆಯಲ್ಲಿ ತಡವರಿಸಿ ಆಡುವ ಜರ್ಮನ್‌ನಿಂದ ಅವಳಿಗೆ ಬರುವ ಲಾಭ ಬಹಳ ಕಡಿಮೆ. ಕನ್ನಡಕ್ಕಾದರೆ ನಮ್ಮನ್ನು ಬಿಟ್ಟರೆ ಇಲ್ಲಿ ಯಾರೂ ಇಲ್ಲ.

ಎದುರು ದಿಕ್ಕಿನಲ್ಲಿ ಬಂದವರು

ಜರ್ಮನಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರು ಮಾಡಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಇವರ ಬಗ್ಗೆ ನಾವೆಲ್ಲ ಓದಿದ್ದೇವೆ. ಆದರೆ ಬಾಸೆಲ್ ಮಿಷನ್ನಿನ ಕುಟುಂಬಗಳಲ್ಲಿ ಹುಟ್ಟಿದ ಮಕ್ಕಳ ಕಥೆ ಅಷ್ಟಾಗಿ ಯಾರೂ ಹೇಳಲ್ಲ.

ಕರಾವಳಿಯಲ್ಲಿ ಹುಟ್ಟಿದ ಆ ಮಕ್ಕಳಲ್ಲಿ ಬಹಳಷ್ಟು ಜನರನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಇಲ್ಲಿನ ಕಾಯಿಲೆಗಳ ಭಯ, ಓದಿನ ಚಿಂತೆ, ಸುತ್ತಲಿನ ಪ್ರಭಾವದ ಆತಂಕ. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ವಾಪಸ್ ಬಂದರು. ಅವಳು ಮತ್ತೆ ಅವರನ್ನು ಸೇರಿದ್ದು 1857ರಲ್ಲಿ, ಸುಮಾರು ಹದಿನೈದನೇ ವಯಸ್ಸಿಗೆ. ಮುಂದೆ ಇವಳ ಮಗನೇ ನೊಬೆಲ್ ಪ್ರಶಸ್ತಿ ಪಡೆದ ಲೇಖಕ ಹರ್ಮನ್ ಹೆಸ್ಸೆ.

ಮಗುವಿಗೆ ಒಂದೇ ಸಂಸ್ಕೃತಿ ಇರಬೇಕು ಅಂತ ಹೊರಟರೆ ಯಾರಿಂದಲಾದರೂ ಬೇರೆ ಮಾಡಲೇಬೇಕಾಗುತ್ತದೆ. ಅವರು ಅಪ್ಪ ಅಮ್ಮನಿಂದ ಬೇರೆ ಮಾಡಿದರು. ನಾವು ಅಜ್ಜ ಅಜ್ಜಿಯಿಂದ ಬೇರೆ ಮಾಡುವ ಸಾಧ್ಯತೆ ಇದೆ, ಅದೂ ಹಡಗು ಹತ್ತಿಸದೇ.

ನಾವು ಮಾಡುತ್ತಿರುವುದು

ಇದಕ್ಕೆ ದೊಡ್ಡ ಪರಿಹಾರವೇನೂ ನನ್ನ ಹತ್ತಿರ ಇಲ್ಲ. ಮಗುವಿನ ಸುತ್ತ ಕನ್ನಡದ ಜನರನ್ನು ಹೆಚ್ಚು ಮಾಡಬೇಕು, ಅಷ್ಟೇ. ನಮ್ಮ ಮನೆಯಲ್ಲಿ ನಡೆಯುತ್ತಿರುವ ಕೆಲವನ್ನು ಹೇಳುತ್ತೇನೆ.

ಮೊದಲನೆಯದು ಫೋನು. “ಅಜ್ಜಿಗೆ ಹಾಯ್ ಹೇಳು, ಮುತ್ತು ಕೊಡು” ಅನ್ನುವ ಎರಡು ನಿಮಿಷದ ಕರೆಯಿಂದ ಏನೂ ಹುಟ್ಟಲ್ಲ. ಈಗ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಿಗದಿ. ಊರಿನಲ್ಲಿ ಆಗ ಬೇಸಿಗೆಯಾದರೆ ಹನ್ನೆರಡೂವರೆ, ಚಳಿಗಾಲವಾದರೆ ಒಂದೂವರೆ. ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ, ಇಲ್ಲಿ ಮಗಳು ಬಟಾಣಿ ಸುಲಿಯುತ್ತಾಳೆ. ಇಬ್ಬರಿಗೂ ಕೈಗೆ ಕೆಲಸ ಇದ್ದರೆ ಮಾತು ತಾನಾಗೇ ಬರುತ್ತದೆ. ನಾವು ಆ ಹೊತ್ತು ಆ ಕೋಣೆಯಲ್ಲಿ ಇರಲ್ಲ. ನಾವಿದ್ದರೆ ಅವಳು ನಮ್ಮ ಕಡೆ ತಿರುಗಿ ಜರ್ಮನ್ ಪದ ಕೊಟ್ಟು ಅನುವಾದ ಮಾಡಿಸಿಕೊಳ್ಳುತ್ತಾಳೆ. ಇಲ್ಲದಿದ್ದರೆ ಏನಾದರೂ ಮಾಡಿ ತಾನೇ ಅಜ್ಜಿಗೆ ಅರ್ಥ ಮಾಡಿಸುತ್ತಾಳೆ.

ಎರಡನೆಯದು ಭಾನುವಾರದ ಊಟ. ಹತ್ತಿರದ ಮೂರು ಕನ್ನಡದ ಮನೆಗಳವರು ತಿಂಗಳಿಗೆ ಎರಡು ಸಲ ಸೇರುತ್ತೇವೆ. ದೊಡ್ಡವರನ್ನು ಮಕ್ಕಳು ‘ಅಂಕಲ್ ಆಂಟಿ’ ಅನ್ನಲ್ಲ. ಮಾವ, ಅತ್ತೆ, ದೊಡ್ಡಮ್ಮ, ಕಾಕಾ ಅಂತ ಹಂಚಿಕೊಂಡಿದ್ದೇವೆ. ಸುಮ್ಮನೆ ಆಟ ಅನ್ನಿಸಬಹುದು. ಆದರೆ ನಾವು ಒಬ್ಬರಿಗೊಬ್ಬರು “ಬನ್ನಿ, ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ” ಅನ್ನೋದು ಮಕ್ಕಳ ಕಿವಿಗೆ ಬೀಳುತ್ತದೆ. ನೀರಿನ ಲೋಟ ಕೊಡೋ ಕೆಲಸ ಮಕ್ಕಳದೇ. ಎರಡು ತಿಂಗಳ ಹಿಂದೆ ಮಗಳು ಲೋಟ ಹಿಡಿದು ಹೋಗಿ “ಮಾವ, ತಗೊಳ್ಳಿ” ಅಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರನೆಯದು ಬೇಸಿಗೆ. ಪ್ರವಾಸಿ ವೀಸಾದಲ್ಲಿ ಊರಿನಿಂದ ಬಂದವರು 180 ದಿನಕ್ಕೆ 90 ದಿನ ಇಲ್ಲಿರಬಹುದು. ನಾವು ಒಂದು ವರ್ಷ ತಿಪಟೂರಿನವರನ್ನು, ಒಂದು ವರ್ಷ ಧಾರವಾಡದವರನ್ನು ಕರೆಸಿಕೊಳ್ಳುತ್ತೇವೆ. ಬಂದವರಿಗೆ ಇಲ್ಲಿ ಬೇಜಾರು, ನಿಜ. ಮಾತಾಡೋಕೆ ನೆರೆಹೊರೆ ಇಲ್ಲ, ಅಂಗಡಿಯವರ ಭಾಷೆ ತಿಳಿಯಲ್ಲ. ಆದರೆ ಆ ಮೂರು ತಿಂಗಳು ಮಧ್ಯಾಹ್ನ ಮಗಳನ್ನು ಕರೆತರೋದು, ಚೌಕಾಬಾರ ಆಡೋದು, ಮಲಗಿಸೋದು ಎಲ್ಲ ಅವರದೇ. ಕವಡೆ ಎಣಿಸುತ್ತಾ ಜಗಳ ಆಡುವಾಗ ಮಗಳ ಕನ್ನಡ ಕೇಳಬೇಕು, ಮೋಸ ಮಾಡಿದ್ದಕ್ಕೆ ನ್ಯಾಯ ಕೇಳುವಷ್ಟು ಬೆಳೆದಿದೆ. ಈಗ ಅವಳ ಬಾಯಲ್ಲಿ ‘ಬೇಡ’ವೂ ಇದೆ, ‘ಒಲ್ಲೆ’ಯೂ ಇದೆ. ಯಾರ ಹತ್ತಿರ ಯಾವುದು ಅಂತಲೂ ಗೊತ್ತಿದೆ.

ನಾಲ್ಕನೆಯದು ಕಿಂಡರ್‌ಗಾರ್ಟನ್ ಕಡೆಯಿಂದಲೇ ಬಂದದ್ದು. ಅಲ್ಲಿನ ಟೀಚರ್ ನಮ್ಮಿಂದ ‘ನೀರು’, ‘ಸಾಕು’, ‘ಅಮ್ಮ ಬರ್ತಾರೆ’ ಇಷ್ಟನ್ನು ಬರೆಸಿಕೊಂಡು ಕಲಿತರು. ಮೊದಲ ತಿಂಗಳು ಮಗು ಅಳುವಾಗ ಅವರ ತೊದಲು ಕನ್ನಡ ಕೇಳಿ ಮಗಳಿಗೆ ನಗು ಬರುತ್ತಿತ್ತು. ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬಕ್ಕೆ ಇಲ್ಲಿ ಮಕ್ಕಳು ಕಾಗದದ ಕಂದೀಲು ಹಿಡಿದು ಸಂಜೆ ಮೆರವಣಿಗೆ ಹೋಗುತ್ತಾರೆ. ಅದೇ ಕಂದೀಲು ನಮ್ಮ ಮನೆಯಲ್ಲಿ ದೀಪಾವಳಿಯ ಆಕಾಶಬುಟ್ಟಿಯ ಪಕ್ಕ ನೇತಾಡುತ್ತದೆ. ಎರಡರಲ್ಲಿ ಯಾವುದು ‘ನಮ್ಮದು’ ಅಂತ ಅವಳು ಈ ತನಕ ಕೇಳಿಲ್ಲ.

ಇಷ್ಟೆಲ್ಲ ಮಾಡಿದರೂ ಹದಿಮೂರಕ್ಕೆ ಏನಾಗುತ್ತೋ ಹೇಳೋಕಾಗಲ್ಲ. ಗೆಳೆಯರ ಭಾಷೆಯ ಸೆಳೆತ ಜೋರು. ನಮ್ಮಪ್ಪನಿಗೆ ಈಗಾಗಲೇ ಕಿವಿ ಮಂದ. ಅವರ ಹತ್ತಿರ ಗಟ್ಟಿಯಾಗಿ, ನಿಧಾನವಾಗಿ, ಕನ್ನಡದಲ್ಲೇ ಮಾತಾಡಬೇಕು, ಅವರಿಗೆ ಬೇರೆ ಭಾಷೆ ಬರಲ್ಲ. ಅವರು ಮತ್ತು ಮೊಮ್ಮಗಳು ಹಂಚಿಕೊಳ್ಳುವ ಬೇಸಿಗೆಗಳು ಎಷ್ಟು ಉಳಿದಿವೆ ಅಂತ ನಾನು ಲೆಕ್ಕ ಹಾಕಲ್ಲ. ಒಂದೊಂದು ಬೇಸಿಗೆಯನ್ನೂ ಪೂರ್ತಿ ಬಳಸಿಕೊಳ್ಳಬೇಕು ಅಂತ ಮಾತ್ರ ಅಂದುಕೊಳ್ಳುತ್ತೇನೆ.

ಇದು ಹೊರದೇಶದವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇಂಗ್ಲಿಷ್, ಹಿಂದಿ ನಡುವೆ ಬೆಳೆಯುವ ಮಗುವಿಗೂ, ಪುಣೆಯಲ್ಲೋ ಚೆನ್ನೈಯಲ್ಲೋ ಬೆಳೆಯುವ ಕನ್ನಡದ ಮಗುವಿಗೂ ಇದೇ ಪ್ರಶ್ನೆ ಇದೆ. ಅದರ ಸುತ್ತ ಕನ್ನಡದಲ್ಲಿ ನಗುವವರು, ಜಗಳ ಆಡುವವರು, ‘ಬನ್ನಿ’ ಅನ್ನಿಸಿಕೊಳ್ಳುವವರು ಎಷ್ಟು ಜನ ಇದ್ದಾರೆ? ನಿಮ್ಮ ಮನೆಯಲ್ಲಿ ಇದಕ್ಕೆ ಏನು ದಾರಿ ಕಂಡುಕೊಂಡಿದ್ದೀರಿ ಅಂತ ಬರೆದು ತಿಳಿಸಿ. ನಮಗೂ ಉಪಯೋಗಕ್ಕೆ ಬರುತ್ತದೆ.